ಗೂಬೆ ಮತ್ತು ತಂಗಿ

“ಏಯ್ ಮುದುಕಿ, ನಿಂತ್ಕೊಂಡೇ ನಿದ್ದೆ ಹೊಡೀತಿದ್ದೀಯಾ? ಬೆಲ್ಟೇನು ನಿಮ್ಮಪ್ಪಂದಾ?”

ಸೂಪರ್‌ವೈಸರ್ ಕೂಗಿದ್ದು ಮಂಡಿಯಮ್ಮನಿಗೆ. ಪಾರ್ಸಲ್ ಗೋದಾಮಿನಲ್ಲಿ ಅವಳ ಸ್ವಂತ ಹೆಸರು ಯಾರಿಗೂ ನೆನಪಿಲ್ಲ. ಹೊತ್ತುಹೊತ್ತಿಗೆ ಮಂಡಿ ನೀವಿಕೊಳ್ಳುತ್ತಾಳೆಂದು ಈ ಹೆಸರು ಬಿದ್ದಿತ್ತು. ಅವಳ ಪಕ್ಕದಲ್ಲಿ ನಿಂತು, ಓಡುವ ಬೆಲ್ಟಿನ ಮೇಲೆ ಬರುವ ಪೊಟ್ಟಣಗಳನ್ನು ತಿರುಗಿಸಿಕೊಡುತ್ತಿದ್ದವಳು ಕಡ್ಡಿ. ಅವಳನ್ನು ನೋಡಿದವರು ಆ ಹೆಸರು ಯಾಕೆಂದು ಕೇಳುವುದಿಲ್ಲ.

“ಮಂಡಿ ಹಿಡ್ಕೊಂಡ್ಬಿಟ್ಟಿದೆ ಸಾರ್. ಒಂದು ಗುಟುಕು ನೀರು ಕುಡ್ದು ಬರ್ತೀನಿ.”

“ನೀರು ಕುಡೀತಾಳಂತೆ ನೀರು! ಆಮೇಲೆ ಉಚ್ಚೆಗೆ ಬೇರೆ ಹೋಗ್ಬೇಕು ಅಂತೀಯ. ಗನ್ನು ಎತ್ತೇ!”

ಗನ್ನು ಎಂದರೆ ಪೊಟ್ಟಣದ ಮೇಲಿನ ಚೀಟಿಯ ಗೆರೆಗಳನ್ನು ಓದುವ ಕೈಯಂತ್ರ. ಮಂಡಿಯಮ್ಮ ಎತ್ತಿ ಹಿಡಿದಳು. ಬಂದ ಪೊಟ್ಟಣದ ಚೀಟಿ ಅರ್ಧಕ್ಕರ್ಧ ಹರಿದುಹೋಗಿತ್ತು. ಆದರೂ ಗನ್ನು ಕೀಕ್ ಕೀಕ್ ಎಂದು ಎರಡು ಸಲ ಸದ್ದು ಮಾಡಿ ಓದಿಯೇಬಿಟ್ಟಿತು. ಬೆಲ್ಟು ನಿಲ್ಲಲಿಲ್ಲ.

“ಥೂ, ಇದನ್ನ ಮಾಡ್ದೋನ ಕಣ್ಣು ಇಂಗಿಹೋಗ! ಹರಿದಿದ್ದನ್ನೂ ಓದ್ತದಲ್ಲೇ, ಬೋಳಿಮಗಂದು. ಯಾವ ಹೊಟ್ಟೆ ತುಂಬಿದೋನು ಕೂತ್ಕೊಂಡು ಮಾಡಿದ್ನೋ.”

ಕಡ್ಡಿ ಮುಂದಿನ ಪೊಟ್ಟಣ ತಿರುಗಿಸಿದಳು. ಹರಿದದ್ದನ್ನೂ ಓದಲು ಗನ್ನಿಗೆ ಕಲಿಸಿದವನು ಅವಳ ಒಡಹುಟ್ಟಿದ ಅಣ್ಣ. ಅವನ ಕಣ್ಣು ಆಗಲೇ ಹೋಗುತ್ತಿತ್ತು.

ಇದಕ್ಕೆಲ್ಲ ಮೂಲ ಕಡ್ಡಿಯ ಅಳುವೇ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹರಿದ ಚೀಟಿ ಬಂದರೆ ಗನ್ನು ಕೆಂಪು ದೀಪ ಹತ್ತಿಸಿ ಸುಮ್ಮನಾಗುತ್ತಿತ್ತು. ಬೆಲ್ಟು ನಿಲ್ಲಿಸಿ ಉದ್ದದ ನಂಬರನ್ನು ಕೈಯಲ್ಲಿ ಒತ್ತಬೇಕು, ತಪ್ಪಿದರೆ ಬೈಗುಳ. ಒಂದು ಸಂಜೆ ಅವಳು ಮನೆಯಲ್ಲಿ ಗೋಳೋ ಎಂದು ಅತ್ತಳು. ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ದುಡಿಯುತ್ತಿದ್ದ ಅಣ್ಣ, “ಅಷ್ಟಕ್ಕೆಲ್ಲ ಅಳ್ತಾರೇನೇ?” ಎಂದು ಬಿಡುವು ಸಿಕ್ಕಾಗಲೆಲ್ಲ ಕೂತು, ಹರಿದ ಗೆರೆಗಳನ್ನೂ ಊಹಿಸಿ ಓದುವ ಪ್ರೋಗ್ರಾಂ ಬರೆದ. ಊಹಿಸಿ ಓದಿದ್ದಕ್ಕೆ ಗುರುತಾಗಿ ಎರಡು ಸದ್ದು ಇಟ್ಟ. ಬರೆದದ್ದನ್ನು ಇಂಟರ್ನೆಟ್ಟಿಗೆ ಹಾಕಿ, ಯಾರು ಬೇಕಾದರೂ ಬಳಸಿ, ಕಾಸು ಬೇಡ ಎಂದ. ಬರೆದವರು: ಗೂಬೆ ಮತ್ತು ತಂಗಿ. ಕಣ್ಣು ಬಿಟ್ಟುಕೊಂಡು ಪರದೆಯ ಮುಂದೆ ಕೂರುತ್ತಾನೆಂದು ಅಮ್ಮ ಬದುಕಿದ್ದಾಗ ಅವನನ್ನು ಗೂಬೆ ಎಂದೇ ಬೈಯುತ್ತಿದ್ದಳು.

ಕಂಪನಿ ಬಿಟ್ಟಿ ಸಿಕ್ಕಿದ್ದನ್ನು ಎತ್ತಿಕೊಂಡು ತನ್ನ ಗನ್ನುಗಳಿಗೆಲ್ಲ ತುಂಬಿತು. ಆಮೇಲೆ ಬೆಲ್ಟು ನಿಲ್ಲುವುದೇ ನಿಂತುಹೋಯಿತು. ಚೀಟಿ ಹರಿದಾಗ ಸಿಗುತ್ತಿದ್ದ ಆ ಚೂರು ಹೊತ್ತಿನಲ್ಲೇ ಸಾಲಿನ ಹೆಂಗಸರು ನೀರು ಕುಡಿಯುತ್ತಿದ್ದರು, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು, ಪಾಯಿಖಾನೆಗೆ ಓಡಿಬರುತ್ತಿದ್ದರು. ಆ ಬಿಡುವಿನ ಬೆಲೆ ಕಡ್ಡಿಗೆ ಗೊತ್ತಾದದ್ದು ಅದು ಹೋದ ಮೇಲೆ. ಅಣ್ಣನಿಗೆ ಅವಳು ಹೇಳಲಿಲ್ಲ. ಹೇಗೆ ಹೇಳುತ್ತಾಳೆ?

ಈಗ ಮಿಂಚುವ ಹೊಸ ಚೀಟಿಗಳು ಬರತೊಡಗಿದ್ದವು. ಬೆಳಕು ಬಿದ್ದರೆ ಗನ್ನಿಗೆ ಏನೂ ಕಾಣುತ್ತಿರಲಿಲ್ಲ; ಅಂಥ ಪೊಟ್ಟಣ ಬಂದಾಗ ಬೆಲ್ಟು ನಿಲ್ಲುತ್ತಿತ್ತು. ಹೆಂಗಸರು ಅದಕ್ಕಾಗಿ ದಾರಿ ಕಾಯುತ್ತಿದ್ದರು.

ಕಂಪನಿಯ ಇಂಜಿನಿಯರ್, ಅಣ್ಣ ಪ್ರೋಗ್ರಾಂ ಹಾಕಿದ್ದ ಇಂಟರ್ನೆಟ್ ಪುಟದಲ್ಲಿ ಬರೆದ: ‘ಬದುಕಿದ್ದೀರಾ, ಸತ್ತಿದ್ದೀರಾ? ಮಿಂಚೋ ಚೀಟಿ ಓದ್ತಿಲ್ಲ. ನಮ್ಮ ಕೆಲಸ ನಿಂತಿದೆ. ಕೈಲಾಗದಿದ್ರೆ ಬಿಟ್ಟು ತೊಲಗಿ.’

“ಏನು ಬರ್ದಿದ್ದಾರೆ?” ಎಂದ ಅಣ್ಣ. ಬೆರಳಿಗೆ ಕೀಲಿಮಣೆಯೆಲ್ಲ ಬಾಯಿಪಾಠ, ಆದರೆ ಪರದೆಯ ಅಕ್ಷರ ಅವನಿಗೆ ಕಾಣುತ್ತಿರಲಿಲ್ಲ. ಕಣ್ಣಿನೊಳಗೆ ರಕ್ತ ಒಸರುತ್ತಿದೆ, ಚುಚ್ಚುಮದ್ದು ಹಾಕಿಸುತ್ತಿದ್ದರೆ ಉಳಿದಷ್ಟಾದರೂ ಉಳಿಯುತ್ತದೆ ಎಂದಿದ್ದರು ಡಾಕ್ಟರು. ಅಂಗಡಿಯ ಕೆಲಸ ಹೋದ ಮೇಲೆ ಚುಚ್ಚುಮದ್ದೂ ನಿಂತಿತ್ತು.

“ದಯವಿಟ್ಟು ಸರಿ ಮಾಡ್ಕೊಡಿ ಅಂತ ಬರ್ದಿದ್ದಾರೆ ಕಣಣ್ಣ.”

“ಪಾಪ. ಮಾಡೋಣ ಬಿಡು. ಗನ್ನು ಹಿಡಿದೋರಿಗೆ ಎಷ್ಟು ಕಷ್ಟ ಆಗ್ತಿದೆಯೋ ಏನೋ.”

ಕಡ್ಡಿ ಅವನಿಗೆ ತಿಳಿಸದೆ ಕಂಪನಿಗೆ ಬರೆದಳು: ಅಣ್ಣನ ಕೆಲಸಕ್ಕೆ ಏನಾದರೂ ಕೊಡಿ, ಅವನ ಕಣ್ಣು ಉಳಿಸಬೇಕು. ಒಬ್ಬ ಅಧಿಕಾರಿ ವಿಡಿಯೋ ಕರೆಯಲ್ಲಿ ಸಿಕ್ಕ. ಅವನ ಹಿಂದೆ ಗೋಡೆಯುದ್ದಕ್ಕೂ ಹಸಿರು ಗಿಡಗಳು.

“ನೋಡಮ್ಮ, ನಿಮ್ಮಣ್ಣ ಪ್ರೀತಿಯಿಂದ ಮಾಡಿರೋ ಕೆಲಸ ಇದು. ನಾವೆಲ್ಲ ಒಂದು ಕುಟುಂಬ ಇದ್ದಂಗೆ. ದುಡ್ಡು ನಡುವೆ ಬಂದ್ರೆ ಆ ಪ್ರೀತಿ ಹೋಗ್ಬಿಡುತ್ತೆ.”

“ನಿಮಗೆ ಸಂಬಳ ಬರುತ್ತಲ್ಲ ಸಾರ್. ಪ್ರೀತಿ ಹೋಗಿದೆಯಾ?”

ಅವನ ಮುಖ ಬಿಗಿಯಿತು. “ಮಾತು ಜಾಸ್ತಿಯಾಯ್ತು. ನಾವೇನು ಬರೆಯೋಕೆ ಹೇಳಿದ್ವಾ? ಬಿಟ್ಟಿ ಕೊಟ್ಟು ಈಗ ಕೈಯೊಡ್ಡಿದ್ರೆ ಹೆಂಗೆ? ಮೊದ್ಲು ಮಿಂಚೋ ಚೀಟಿ ಓದೋ ಹಂಗೆ ಮಾಡಿ. ಆಮೇಲೆ ಕಣ್ಣಿನ ಬಗ್ಗೆ ಮೇಲಿನವರ ಹತ್ರ ಮಾತಾಡ್ತೀನಿ.”

ಆ ‘ಮಾತಾಡ್ತೀನಿ’ಗೆ ಅವಳು ಜೋತುಬಿದ್ದಳು. ಬೇರೆ ಏನಿತ್ತು ಹಿಡಿದುಕೊಳ್ಳಲು?

ಕೆಲವು ದಿನಕ್ಕೆ ಕಂಪನಿಯಿಂದ ಒಂದು ಟೀ ಶರ್ಟ್ ಬಂತು. ಎದೆಯಗಲಕ್ಕೆ ಕಂಪನಿಯ ಹೆಸರು. ಅಣ್ಣ ಅದನ್ನು ಮೂಗಿಗೆ ಹಿಡಿದು ಹೊಸ ಬಟ್ಟೆಯ ವಾಸನೆ ನೋಡಿದ.

“ಏನು ಬರ್ದಿದೆಯೇ?”

“ನಿನ್ನ ಹೆಸರು.”

ಅವನು ಉಬ್ಬಿದ ಅಕ್ಷರಗಳ ಮೇಲೆ ಬೆರಳಾಡಿಸಿದ. “ಗೂಬೆ ಅನ್ನೋಕೆ ಇಷ್ಟುದ್ದ ಬೇಕಾ?”

“‘ಮತ್ತು ತಂಗಿ’ ಅಂತಾನೂ ಇದೆ.”

“ಓಹೋ, ನಿಂದೂ ಸೇರ್ಸಿದ್ದಾರಾ! ಪರವಾಗಿಲ್ವೇ,” ಎಂದು ನಕ್ಕ. ಕಡ್ಡಿ ಒಗೆಯುವ ಬಟ್ಟೆ ಎತ್ತಿಕೊಂಡು ಹೊರಗೆ ಹೋಗಿ ಅತ್ತಳು.

ಮಾರನೆಯ ದಿನ ಮಿಂಚುವ ಚೀಟಿ ಒಂದೂ ಬರಲಿಲ್ಲ. ಬೆಲ್ಟು ಬೆಳಗಿನಿಂದ ನಿಲ್ಲದೆ ಓಡಿತು. ಮಂಡಿಯಮ್ಮ ಮತ್ತೆ ಮತ್ತೆ ಕೈಯೆತ್ತಿ ಕೇಳಿದಳು, ಸೂಪರ್‌ವೈಸರ್ ಆ ಕಡೆ ತಿರುಗಲಿಲ್ಲ. ಕೊನೆಗೆ ಅವಳು ನಿಂತಲ್ಲೇ ಒದ್ದೆಯಾದಳು. ಕಾಲಬುಡದಲ್ಲಿ ನೀರು ನಿಂತಿತು. ಯಾರೋ ಕಿಸಕ್ಕೆಂದರು.

“ಅಯ್ಯೋ ಗಲೀಜು ಮುಂಡೇದೆ!” ಸೂಪರ್‌ವೈಸರ್ ಮೂಗು ಮುಚ್ಚಿಕೊಂಡ. “ನಿನ್ನ ಸೀರೇಲೇ ಒರ್ಸು ಅದನ್ನ. ಬೆಲ್ಟು ಮಾತ್ರ ನಿಲ್ಲಬಾರ್ದು.”

ಮಂಡಿಯಮ್ಮ ಒಂದು ಕೈಯಲ್ಲಿ ಗನ್ನು ಹಿಡಿದುಕೊಂಡೇ, ಬಗ್ಗದ ಮಂಡಿಯನ್ನು ಬಗ್ಗಿಸಿ, ಸೆರಗಿನಿಂದ ನೆಲ ಒರೆಸಿದಳು. ಮೇಲೆ ಗನ್ನು ಕೀಕ್ ಕೀಕ್ ಎನ್ನುತ್ತಲೇ ಇತ್ತು. ಅಣ್ಣ ಕಡ್ಡಿಗಾಗಿ ಮಾಡಿದ ಸದ್ದು.

ಆ ಸಂಜೆ ಅಣ್ಣ ಬಾಗಿಲಲ್ಲೇ ಕಾಯುತ್ತಿದ್ದ. “ಮುಗೀತು ಕಣೇ! ಇನ್ನು ಎಂಥಾ ಮಿಂಚೋ ಚೀಟಿ ಬಂದ್ರೂ ನಿಲ್ಲಲ್ಲ. ನೀನೊಂದ್ಸಲ ನೋಡಿ ಕಳಿಸ್ಬಿಡು.”

ಕಡ್ಡಿ ಕುರ್ಚಿಯಲ್ಲಿ ಕೂತಳು. ಒಂದು ಗುಂಡಿ ಒತ್ತಿದರೆ ಸಾಕು, ಗೋದಾಮಿನ ಗನ್ನುಗಳೆಲ್ಲ ನಾಳೆ ತಾವಾಗಿಯೇ ಕಲಿತುಬಿಡುತ್ತವೆ. ಒತ್ತಿದರೆ ಅಣ್ಣನ ಕಣ್ಣು ಉಳಿಯಬಹುದು. ಆ ಅಧಿಕಾರಿಯದು ಬರೀ ಬಾಯಿಮಾತಾದರೂ, ಉಳಿಯಬಹುದು. ಆದರೆ ಮಂಡಿಯಮ್ಮನ ಒದ್ದೆ ಸೆರಗು ಕಣ್ಣಮುಂದಿನಿಂದ ಹೋಗಲೊಲ್ಲದು.

ಅಣ್ಣ ಬರೆದದ್ದನ್ನು ಅಳಿಸಿದಳು. ಇಂಜಿನಿಯರನ ಬೈಗುಳದ ಕೆಳಗೆ ಬರೆದಳು: ‘ಮಾಡಲ್ಲ. ಗೂಬೆ ಮತ್ತು ತಂಗಿ.’

“ಕಳ್ಸಿದ್ಯಾ?”

“ಕಳಿಸ್ದೆ ಕಣಣ್ಣ.”

ಮಾರನೆಯ ದಿನ ಲಾರಿಗಟ್ಟಲೆ ಮಿಂಚುವ ಚೀಟಿಗಳು ಬಂದವು. ಗನ್ನುಗಳಲ್ಲಿ ಕೆಂಪು ದೀಪ ಹತ್ತಿತು. ಬೆಲ್ಟು ನಿಂತಿತು. ಸೂಪರ್‌ವೈಸರ್ ಅವರವ್ವನನ್ನೂ ಇವರವ್ವನನ್ನೂ ಬೈಯುತ್ತ ಫೋನು ಹಿಡಿದು ಓಡಾಡಿದ. ಮಂಡಿಯಮ್ಮ ದೊಡ್ಡ ಪೊಟ್ಟಣವೊಂದರ ಮೇಲೆ ಕೂತು ಕಾಲು ನೀಡಿ, ನಿಧಾನವಾಗಿ ನೀರು ಕುಡಿದಳು.

“ಯಾವ ಪುಣ್ಯಾತ್ಮ ಕೆಡಿಸಿದ್ನೋ. ಅವನ ಹೊಟ್ಟೆ ತಣ್ಣಗಿರ್ಲಿ.”

ಕಡ್ಡಿ ಮನೆಗೆ ಬಂದಾಗ ಅಣ್ಣ ಟೀ ಶರ್ಟ್ ತೊಟ್ಟು, ತಲೆ ಬಾಚಿಕೊಂಡು ಪರದೆಯ ಮುಂದೆ ಕೂತಿದ್ದ.

“ಏನಂದ್ರು? ಓದೇ, ಬೇಗ ಓದು.”

ಪುಟದ ತುಂಬ ಬರೆದಿದ್ದರು. ಸೊಕ್ಕು ನೋಡು ಇವನಿಗೆ. ದ್ರೋಹಿ. ಬಿಟ್ಟಿ ಪ್ರಚಾರ ಸಾಕಾಗಲಿಲ್ಲವಾ ನಾಯಿಗೆ. ಅಧಿಕಾರಿಯದೂ ಒಂದು ಸಾಲಿತ್ತು: ‘ಇನ್ನು ನಿಮ್ಮೊಂದಿಗೆ ಮಾತಿಲ್ಲ.’ ಕಡ್ಡಿ ಅದರ ಮೇಲೆಯೇ ಕಣ್ಣಿಟ್ಟು ಓದಿದಳು.

“‘ಅವನ ಹೊಟ್ಟೆ ತಣ್ಣಗಿರ್ಲಿ’ ಅಂತ ಬರ್ದಿದ್ದಾರೆ.”

“ಯಾರು, ಕಂಪನಿಯೋರಾ?”

“ಅಲ್ಲ. ಗನ್ನು ಹಿಡಿಯೋ ಒಬ್ಬ ಹೆಂಗಸು.”

ಅಣ್ಣನ ಮುಖ ಅರಳಿತು. ಇಷ್ಟು ವರ್ಷದಲ್ಲಿ ಗನ್ನು ಹಿಡಿಯುವವರು ಯಾರೂ ಅವನಿಗೆ ಬರೆದಿರಲಿಲ್ಲ. ತಂಗಿ ಎಡಕ್ಕಿದ್ದಾಳೆಂದು ತಿಳಿಯದೆ ಬಲಕ್ಕೆ ತಿರುಗಿ, ಖಾಲಿ ಜಾಗಕ್ಕೆ ಕೇಳಿದ:

“ಇನ್ನೊಂದ್ಸಲ ಓದೇ.”

ಕಡ್ಡಿ ಇನ್ನೊಂದು ಸಲ ಓದಿದಳು.