ಎರಡು ಅಂತಸ್ತಿನ ನಡುವಿನ ಕಿಟಕಿ

ಸೊಸೆ ಅಗ್ನಿಶಾಮಕ ದಳದವಳು. ಉರಿಯುವ ಮನೆಗೆ ಕಾಲಿಡುವ ಮುನ್ನ ಹೊರಗಿನಿಂದಲೇ ಒಳಗನ್ನು ಓದಿಕೊಳ್ಳಬೇಕು. ಒಳಗೆ ಹೊಕ್ಕ ಮೇಲೆ ಹೊಗೆಯಲ್ಲಿ ಕಣ್ಣಿದ್ದೂ ಕುರುಡು. ಹಾಗಾಗಿ ರಜೆಯ ದಿನ ಅತ್ತೆಯ ಜೊತೆ ಸುತ್ತಾಡುವಾಗಲೂ ಅವಳ ಕಣ್ಣು ಸುಮ್ಮನಿರುತ್ತಿರಲಿಲ್ಲ. ಎತ್ತರದಲ್ಲಿ ಪುಟ್ಟ ಕಿಟಕಿ, ಪಕ್ಕದಲ್ಲೇ ಇಳಿದ ಪೈಪು ಕಂಡರೆ ಅದು ಬಚ್ಚಲು. ನೀರಿನ ಪೈಪನ್ನು ಯಾರೂ ಮನೆಯೆಲ್ಲ ಸುತ್ತಿಸುವುದಿಲ್ಲವಾದ್ದರಿಂದ ಅದರ ಬೆನ್ನಿಗೇ ಅಡುಗೆಮನೆ. ಕಂಡವರ ಮನೆಗೆಲ್ಲ ಕಣಿ ಹೇಳುತ್ತಾಳೆಂದು ಅತ್ತೆ ನಗುತ್ತಿದ್ದರು.

ಆ ಬೆಳಿಗ್ಗೆ ಮಂಜು ಇನ್ನೂ ಬೀದಿ ಬಿಟ್ಟು ಎದ್ದಿರಲಿಲ್ಲ. ಅತ್ತೆ ಒಂದು ಹಳೆಯ ಎರಡಂತಸ್ತಿನ ಮನೆಯ ಮುಂದೆ ನಿಂತುಬಿಟ್ಟರು. ತಾವು ಹುಟ್ಟಿದ್ದು ಇಲ್ಲೇ, ಮಾತು ಬಲಿಯುವಷ್ಟರಲ್ಲಿ ಮನೆ ಕೈಬಿಟ್ಟುಹೋಗಿತ್ತು, ಒಳಗಿನದೇನೂ ನೆನಪಿಲ್ಲ ಎಂದರು. ಆದರೆ ಒಂದು ಕನಸು ಮಾತ್ರ ಬೀಳುತ್ತಲೇ ಇರುತ್ತದಂತೆ. ಅದರಲ್ಲಿ ಅವರು ಮಗು. ಕೆಳಗೂ ಒಂದು ಮನೆ, ಮೇಲೂ ಒಂದು ಮನೆ, ನಡುವೆ ಅವರೊಬ್ಬರೇ, ಬೆನ್ನ ಮೇಲೆ ಬಿಸಿಲು. ಮಾವ ಬದುಕಿದ್ದಾಗ ಅದನ್ನು ಕೇಳಿ, ರಾತ್ರಿ ಊಟ ಜಾಸ್ತಿಯಾಯಿತು ಅಂದಿದ್ದರಂತೆ.

ಸೊಸೆ ಮನೆಯ ಸುತ್ತ ನಡೆದು ಬಂದಳು. ಪಕ್ಕದ ಗೋಡೆಯಲ್ಲಿ ಒಂದು ಕಿಟಕಿ ಕೆಳಗಿನ ಸಾಲಿಗೂ ಸೇರದೆ ಮೇಲಿನ ಸಾಲಿಗೂ ಸೇರದೆ ತ್ರಿಶಂಕುವಿನಂತೆ ನಿಂತಿತ್ತು.

"ಅತ್ತೆ, ಅದು ಬರೀ ಕನಸಲ್ಲ. ಕಿಟಕಿ ಹಾಗೆ ಮಧ್ಯದಲ್ಲಿದೆ ಅಂದ್ರೆ ಅಲ್ಲಿ ಮೆಟ್ಟಿಲು ತಿರುಗುತ್ತೆ. ನೀವು ಆ ತಿರುವಿನಲ್ಲಿ ಕೂತಿರ್ತಿದ್ರಿ."

ಅತ್ತೆ ನೆಟ್ಟಗೆ ಹೋಗಿ ಕದ ತಟ್ಟಿದರು.

ತೆರೆದವಳು ದರ್ಜಿ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳು. ಸಂಗತಿ ಕೇಳಿ, ಸೂಜಿ ತೆಗೆದು ಒಳಗೆ ಕರೆದಳು. ಹೊರಗಿನಿಂದ ನೋಡಿ ಮುಂಭಾಗದಲ್ಲಿ ಎರಡು ಕೋಣೆ ಇರಬೇಕೆಂದು ಸೊಸೆ ಎಣಿಸಿದ್ದಳು, ಇದ್ದದ್ದು ಒಂದೇ. ಬಟ್ಟೆ ಹರಡಲು ಜಾಗ ಸಾಲದೆ ನಡುಗೋಡೆ ಒಡೆಸಿ, ಮೇಲಿನ ಭಾರಕ್ಕೆ ತೊಲೆ ಕೊಡಿಸಿದೆ ಎಂದಳು ದರ್ಜಿ. ಮೆಟ್ಟಿಲು ಮಾತ್ರ ಸೊಸೆ ಹೇಳಿದ ಕಡೆಯೇ ಏರಿ, ಆ ಕಿಟಕಿಯ ಕೆಳಗೇ ತಿರುಗಿತ್ತು.

ಅತ್ತೆ ಮಂಡಿ ಹಿಡಿದುಕೊಂಡು ಹತ್ತಿ, ತಿರುವಿನಲ್ಲಿ ಕೂತರು. ಹೊರಗೆ ಮಂಜು ಕರಗಿ ಬಿಸಿಲು ಮೆಲ್ಲಗೆ ಅವರ ಬೆನ್ನಿಗೆ ಬಂತು. ಕೆಳಗಿನ ಮೆಟ್ಟಿಲುಗಳತ್ತ ಕಿವಿಗೊಟ್ಟು ಹೇಳಿದರು: "ಕೆಳಗೆ ಅಮ್ಮ ಏನೋ ಕುಟ್ತಾ ಇದ್ಳು ಕಣೇ. ಕನಸಲ್ಲಿ ಸದ್ದೇ ಇರಲಿಲ್ಲ. ಈಗ ಕೇಳಿಸ್ತಿದೆ."

ಸೊಸೆ ಎರಡು ಮೆಟ್ಟಿಲು ಕೆಳಗೆ ಕೂತಳು. ಎಷ್ಟೋ ಮನೆಗಳನ್ನು ಹೊರಗಿನಿಂದ ಓದಿ ಒಳಹೊಕ್ಕವಳು, ಒಂದನ್ನೂ ಹೊಗೆಯಿಲ್ಲದೆ ಕಂಡಿರಲಿಲ್ಲ. ಇಲ್ಲಿ ಬೆಳಕಿನಲ್ಲಿ ನೂಲಿನ ಧೂಳು ತೇಲುತ್ತಿತ್ತು. ಯಾರನ್ನೂ ಹೊತ್ತು ಓಡಬೇಕಿರಲಿಲ್ಲ.

ದರ್ಜಿಗೆ ಗುಂಡಿ ಹೊಲಿಯಲು ಒಂದು ಕೈ ಬೇಕಿತ್ತಂತೆ. ಈಗ ಅತ್ತೆ ಬಿಡುವಾದಾಗಲೆಲ್ಲ ಅಲ್ಲಿಗೆ ಹೋಗುತ್ತಾರೆ. ಪಾಳಿ ಮುಗಿಸಿ ಕರೆದೊಯ್ಯಲು ಬಂದ ಸೊಸೆ ಬಟ್ಟೆರಾಶಿಗೆ ಒರಗಿ ನಿದ್ದೆಹೋದರೆ, ಇಬ್ಬರೂ ದನಿ ತಗ್ಗಿಸಿ ಹರಟುತ್ತ ಸಂಜೆಯಾಗಿಸುತ್ತಾರೆ.