ಶ್ರೀಪಾದನಿಗೆ ಗಂಜಿ

ವಡೋದರಾದ ಮಕರಪುರದ ಕಾರ್ಖಾನೆಯಲ್ಲಿ ಪ್ರೆಸ್ ಮಷೀನಿಗೆ ಸಿಕ್ಕಿ ಬಾಲಚಂದ್ರನ ಬಲಗೈ ಬೆರಳುಗಳು ಹೋದ ದಿನ, ಕೈ ಒಳಗೆ ಹೋಗದಂತೆ ಆ ಮಷೀನಿಗೆ ಇರಬೇಕಾದ ಜಾಲರಿ ಇರಲಿಲ್ಲ. ಕೆಲಸ ಬೇಗ ಸಾಗಲೆಂದು ಅದನ್ನು ತೆಗೆಸಿದವನು ಸೂಪರ್‌ವೈಸರ್ ಶ್ರೀಪಾದ. ವಿಚಾರಣೆಯಲ್ಲಿ ಮಾತ್ರ, ಬಾಲಚಂದ್ರನೇ ಬಿಚ್ಚಿಟ್ಟಿದ್ದ ಎಂದುಬಿಟ್ಟ. ಬೆರಳುಗಳ ಹಿಂದೆ ನೌಕರಿಯೂ ಹೋಯಿತು.

ಯಾರೋ ಗುರುತಿಲ್ಲದವನು ಹೀಗೆ ಮಾಡಿದ್ದರೆ ಬಾಲಚಂದ್ರನ ಹೆಂಡತಿ ಕಮಲಾಕ್ಷಿಗೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಇವರು ಬೆಟಗೇರಿಯವರು, ಶ್ರೀಪಾದ ಧಾರವಾಡದವನು. ವಡೋದರಾಕ್ಕೆ ಬಂದ ಹೊಸತರಲ್ಲಿ ಕನ್ನಡ ಕೇಳಿದರೆ ಸಾಕೆಂದು ಇವರ ಮನೆ ಹುಡುಕಿಕೊಂಡು ಬಂದಿದ್ದ. ಸ್ವಂತ ಅತ್ತಿಗೆಯೆಂಬಂತೆ ‘ವೈನಿ, ವೈನಿ’ ಎನ್ನುತ್ತ ಅವಳ ಕೈಯಡುಗೆ ಉಂಡಿದ್ದ.

ಈಗ ಅವಳು ಮಾಂಜಲ್‌ಪುರದ ಬಾಡಿಗೆ ಮನೆಯಲ್ಲಿ ಒಂಟಿ ನೌಕರಸ್ಥರಿಗೆ ಅಡುಗೆ ಮಾಡಿ ಸಂಸಾರ ನಡೆಸುತ್ತಿದ್ದಳು. ಬಾಲಚಂದ್ರ ಸೈಕಲ್ಲಿನಲ್ಲಿ ಡಬ್ಬಿ ಮುಟ್ಟಿಸುತ್ತಿದ್ದ. ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ವೈರಿಗಳನ್ನು ಪ್ರೀತಿಸುವ ಮಾತೆತ್ತಿದರೆ ಅವಳ ತಲೆ ತಗ್ಗುತ್ತಿತ್ತು. ಯೇಸುಸ್ವಾಮಿ ಹೇಳಿದ್ದು ತಪ್ಪೆಂದಲ್ಲ. ಅವಳಿಗೆ ಆಗುತ್ತಿರಲಿಲ್ಲ, ಅಷ್ಟೇ.

2003ರ ಬೇಸಿಗೆಯ ಒಂದು ಮಧ್ಯಾಹ್ನ ಡಬ್ಬಿ ಕೊಟ್ಟು ಬಂದ ಬಾಲಚಂದ್ರ ನೀರು ಕುಡಿದು ಮೆಲ್ಲಗೆ ಹೇಳಿದ, “ಶ್ರೀಪಾದಗ ಕಾಮಾಲಿ ಆಗೇತಂತ. ರೂಮಿನ್ಯಾಗ ಒಬ್ಬನ ಬಿದ್ದಾನ. ನೀರು ಕೊಡಾಕೂ ಯಾರಿಲ್ಲ.”

“ಬೀಳಲಿ ಬಿಡ್ರಿ.”

“ಒಂದೀಟು ಗಂಜಿ ಮಾಡು, ಕಮಲಾ. ನಾ ಒಯ್ತೀನಿ.”

“ದಿನಾ ನಿಮ್ಮ ಅಂಗಿ ಗುಂಡಿ ನಾ ಹಾಕ್ತೀನಲ್ಲ, ಅದು ಯಾರು ಮಾಡಿದ್ದು?” ಅವಳ ದನಿ ಏರಿತು. “ನಿಮಗ ಸಿಟ್ಟಿಲ್ಲೇನು?”

“ಐತಿ. ಸಿಟ್ಟು ಹೋದಮ್ಯಾಲ ಮಾಡ್ತೀನಂದ್ರ ಅಂವ ಅಲ್ಲೀತನಕ ಉಳೀಬೇಕಲ್ಲ.”

ಕಮಲಾಕ್ಷಿ ಪಾತ್ರೆ ಕುಕ್ಕಿ ಅಕ್ಕಿ ಬೇಯಲಿಟ್ಟಳು. ಆದರೆ ಡಬ್ಬಿಯನ್ನು ಗಂಡನ ಕೈಗೆ ಕೊಡಲಿಲ್ಲ. “ನಾನ ಹೋಗ್ತೀನಿ. ಅವನ ಮುಖ ನೋಡಬೇಕು ನಾ.”

ಆಡಬೇಕಾದ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡಳು. ರೂಮಿನ ಬಾಗಿಲು ತೆರೆದೇ ಇತ್ತು. ಅವಳನ್ನು ಕಂಡದ್ದೇ ಶ್ರೀಪಾದ ಗೋಡೆಯ ಕಡೆ ಹೊರಳಿದ. ಕಣ್ಣು ಅರಿಸಿನದಂತಾಗಿತ್ತು. ತುಟಿ ಒಡೆದು ರಕ್ತ ಒಣಗಿತ್ತು.

“ನೀವ್ಯಾಕ ಬಂದ್ರಿ, ವೈನಿ?”

“ನನಗೂ ಗೊತ್ತಿಲ್ಲ. ಎದ್ದು ಕೂಡು, ಉಣ್ಣು.”

ಅವನು ಚಮಚ ಹಿಡಿಯಲಾರದೆ ಗಂಜಿಯನ್ನು ಎದೆಯ ಮೇಲೆ ಚೆಲ್ಲಿಕೊಂಡ. ಕಮಲಾಕ್ಷಿ ಅದನ್ನು ಒರೆಸಿ, ಚಮಚ ತಾನೇ ತೆಗೆದುಕೊಂಡಳು. ಜೋಡಿಸಿದ ಮಾತುಗಳ ಬದಲು “ಬಾಯಿ ತೆಗಿ” ಎಂದಳು. ಅವನು ಎದ್ದು ಓಡಾಡುವವರೆಗೂ ದಿನಾ ಹೋದಳು.

ಮಳೆಗಾಲ ಶುರುವಾದಾಗ ಶ್ರೀಪಾದ ಇವರ ಮನೆಗೆ ಬಂದ. ಒಳಗೆ ಬರಲಾರದೆ ಹೊಸ್ತಿಲ ಬಳಿಯೇ ನಿಂತ.

“ಜಾಲರಿ ತೆಗೆಸಿದಾಂವ ನಾನ, ಬಾಲಣ್ಣಾ.”

“ಗೊತ್ತೈತಿ. ಒಳಗ ಬಾ.”

“ಮಾಲಕರ ಮುಂದ ಹೇಳಲಿಕ್ಕೆ ಧೈರ್ಯ ಇಲ್ಲ. ನೌಕರಿ ಹೋಗ್ತದ.”

ಕಮಲಾಕ್ಷಿ ಸರಕ್ಕನೆ ಅಡುಗೆಮನೆಗೆ ನಡೆದಳು. ಗಂಜಿ ಕುಡಿಸಿದ್ದಕ್ಕಾದರೂ ಅವನು ಮಾಲಕರ ಮುಂದೆ ಸತ್ಯ ಹೇಳಿಯಾನೆಂದು ಅವಳು ಒಳಗೊಳಗೇ ಆಸೆಪಟ್ಟಿದ್ದಳು. ಈಗ ತಿಳಿಯಿತು: ಅವನು ಬದಲಾಗುವುದಿಲ್ಲ, ಹೀಗೇ ಅಳುಕುತ್ತ ಬದುಕುತ್ತಾನೆ. ‘ಕರ್ತನೇ, ಇಂಥವನನ್ನೂ ಪ್ರೀತಿಸಬೇಕೇ?’ ಎಂದು ಒಲೆಯ ಮುಂದೆ ನಿಂತು ಬಿಕ್ಕಿದಳು. ಹೊರಗೆ ಗಂಡ, ಕರಿದದ್ದು ತಿನ್ನಬೇಡವೆಂದು ಅವನಿಗೆ ಬುದ್ಧಿ ಹೇಳುತ್ತಿದ್ದ.

ಅವಳು ಮುಖ ತೊಳೆದು ಮೂರು ತಾಟು ಹಾಕಿದಳು.

“ನನ್ನ ಸಿಟ್ಟು ಹೋಗಿಲ್ಲ, ಶ್ರೀಪಾದ. ಸುಳ್ಳು ಯಾಕ ಹೇಳ್ಲಿ? ಆದ್ರ ನನ್ನ ಮನಿಯಿಂದ ಉಪಾಸ ಹೋಗಬ್ಯಾಡ. ಕೈ ತೊಳ್ಕೊ.”

ಅವನು ತಲೆ ಎತ್ತದೆ ಉಂಡ.

ಮಾಲಕರಿಗೆ ಅವನು ಕೊನೆಗೂ ಹೇಳಲಿಲ್ಲ. ಮರುವರ್ಷ ಸೂರತ್ತಿನ ಕಾರ್ಖಾನೆಯೊಂದಕ್ಕೆ ಹೋಗಿಬಿಟ್ಟ. ಅವನು ಹೊರಟ ದಿನ ಸಂಜೆಯ ಪ್ರಾರ್ಥನೆಯಲ್ಲಿ ಕಮಲಾಕ್ಷಿ ಮೊದಲ ಸಲ ಅವನ ಹೆಸರೆತ್ತಿದಳು. ಬಾಲಚಂದ್ರ ಕಣ್ಣು ಮುಚ್ಚಿಕೊಂಡೇ ಕಾದ. ಅವಳು ಮತ್ತೊಮ್ಮೆ ಹೆಸರು ಹೇಳಿ, ಹೊಸ ಊರಿನಲ್ಲಿ ಅವನಿಗೆ ಒಳ್ಳೆಯದಾಗಲೆಂದು ಬೇಡಿಕೊಂಡಳು.