ಕೊಟ್ರಪ್ಪನ ಕೈಗೂ ಮಂಗಳಾರತಿ

ಜಯನಗರದ ಜನ ಮನೆಗಿಂತ ಮುಂಚೆ ಕಾಂಪೌಂಡು ಕಟ್ಟಿಕೊಂಡವರು ಎಂದು ಕಮಲಾದೇವಿಯ ಅಭಿಪ್ರಾಯ. ಒಳಗೆ ನಿಂತು ಹೊರಗಿನವರ ಕುಲಗೋತ್ರ ವಿಚಾರಿಸುವುದಕ್ಕೆ ಅನುಕೂಲ ನೋಡಿ. ಆದರೂ ಚಕ್ರಪಾಣಿಯವರ ಔಟ್‌ಹೌಸಿಗೆ ಅವಳೇ ಬಾಡಿಗೆಗೆ ಬಂದಿದ್ದಳು. ಬಂದ ಮೇಲೆ ಆ ಒಂದು ಕೋಣೆ, ಒಂದು ಒಲೆಯ ಮೇಲೆ ಜೀವ ಇಟ್ಟುಕೊಂಡಿದ್ದಳು. ಕಂಪನಿ ನಾಟಕದ ಬಿಡಾರ, ಸ್ಟುಡಿಯೋ ಷೆಡ್ಡು, ಪ್ರೊಡ್ಯೂಸರುಗಳು ಹಿಡಿದುಕೊಟ್ಟ ಮಹಡಿ, ಎಲ್ಲಿಯೂ ಬಾಗಿಲ ಚಿಲಕ ಅವಳ ಕೈಯಲ್ಲಿರಲಿಲ್ಲ. ಇಲ್ಲಿ ಇತ್ತು. ಐವತ್ತರ ಹತ್ತಿರದ ಒಂಟಿ ಹೆಂಗಸಿಗೆ ಅದಕ್ಕಿಂತ ದೊಡ್ಡ ಸಂಪತ್ತು ಬೇರೆ ಕಾಣಲಿಲ್ಲ.

ಹೊಸಕೆರೆಹಳ್ಳಿಯಲ್ಲಿ ಹುಟ್ಟಿದಾಗ ಅವಳು ಮುನಿಲಕ್ಷ್ಮಿ. ಕಮಲಾದೇವಿ ಎಂದು ಹೆಸರಿಟ್ಟದ್ದು ನಾಟಕ ಕಂಪನಿ. ಟಾಕಿ ಬಂದ ಹೊಸತರಲ್ಲಿ ಮದರಾಸಿಗೆ ರೈಲು ಹತ್ತಿದಳು. ಮೈಕಿನ ಮುಂದೆ ನಿಂತು ತಾನೇ ಹಾಡಿ, ತಾನೇ ಅತ್ತು, ಊರೂರಿನ ಜನರನ್ನೂ ಅಳಿಸಿದಳು. ಜೊತೆಗೆ ಸಿಕ್ಕ ಗಂಡಸರೋ! ಒಬ್ಬ ರಾಮನಿಗೆ ಮಾತು ನೆನಪಿರುತ್ತಿರಲಿಲ್ಲ, ಒಬ್ಬ ಕೃಷ್ಣನ ಹೊಟ್ಟೆ ಪೀತಾಂಬರದೊಳಗೆ ನಿಲ್ಲುತ್ತಿರಲಿಲ್ಲ. ಸೀತೆಯ ಪಾತ್ರದವಳು ಶೂಟಿಂಗ್ ಮುಗಿದ ಮೇಲೂ ಪತಿವ್ರತೆಯಾಗಿಯೇ ಇರುತ್ತೇನೆಂದರೆ ಮುಂದಿನ ಚಿತ್ರದಲ್ಲಿ ಅವಳಿಗೆ ಶೂರ್ಪನಖಿಯ ಪಾತ್ರ ಗಟ್ಟಿ. ಕಮಲಾದೇವಿ ಎರಡನ್ನೂ ಮಾಡಿದಳು. ಆಮೇಲೆ ಅಮ್ಮನ ಪಾತ್ರ, ಅಜ್ಜಿಯ ಪಾತ್ರ, ಆಮೇಲೆ ಯಾರೂ ಕರೆಯಲಿಲ್ಲ.

ಜಯನಗರದಲ್ಲಿ ಇದನ್ನೆಲ್ಲ ಯಾರಿಗೂ ಹೇಳಿರಲಿಲ್ಲ. ಆದರೆ ಹನುಮಂತನಗರದ ಟೆಂಟ್ ಸಿನಿಮಾಕ್ಕೆ ಅವಳದೊಂದು ಹಳೆಯ ಚಿತ್ರ ಬಂತು. ಅದರಲ್ಲಿ ಅವಳು ರಾಜಸಭೆಯ ನರ್ತಕಿ. ಚಕ್ರಪಾಣಿ ಸಂಸಾರಸಮೇತ ಹೋಗಿ, ಬೆಂಚಿನ ಟಿಕೆಟ್ಟು ತೆಗೆದುಕೊಂಡು, ಕಣ್ಣರಳಿಸಿ ಕೊನೆಯತನಕ ನೋಡಿ, ಗಲ್ಲದ ಮಚ್ಚೆಯಿಂದ ಗುರುತು ಹಿಡಿದು, ಮಾರನೆಯ ದಿನ ಬೆಳಿಗ್ಗೆ ಔಟ್‌ಹೌಸಿನ ಮುಂದೆ ಬಂದು ನಿಂತ.

"ನೋಡಿಮ್ಮಾ, ಇದು ಸಂಸಾರಸ್ಥರು ಇರೋ ಜಾಗ. ತಿಂಗಳ ಕೊನೇಗೆ ಖಾಲಿ ಮಾಡ್ಬಿಡಿ."

ನೋಡಿದ್ದು ತಪ್ಪಲ್ಲ, ಕುಣಿದದ್ದು ತಪ್ಪು! ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಕಮಲಾದೇವಿಗೆ ಮೈಯೆಲ್ಲ ಉರಿಯಿತು. ಆದರೆ ಆ ಚಿಲಕದ ಆಸೆ ದೊಡ್ಡದು. ಶುಕ್ರವಾರ ಸಂಜೆ ಸಿಟ್ಟನ್ನು ನುಂಗಿಕೊಂಡು, ಇರಲು ಬಿಡಿ ಎಂದು ಒಮ್ಮೆ ಕೇಳಿ ನೋಡೋಣವೆಂದು ದೊಡ್ಡ ಮನೆಗೆ ಹೋದಳು. ಯಾವಾಗ ಹೋದರೂ ಅವಳನ್ನು ವೆರಾಂಡಾದಲ್ಲೇ ನಿಲ್ಲಿಸುತ್ತಿದ್ದರು. ಅವತ್ತು ಚಕ್ರಪಾಣಿ ಇನ್ನೂ ಆಫೀಸಿನಿಂದ ಬಂದಿರಲಿಲ್ಲ, ಅವನ ಹೆಂಡತಿ ಅಮ್ಮಣ್ಣಿ ಒಳಗೆ ಗಂಟೆ ಬಾರಿಸುತ್ತಿದ್ದಳು. ಕಮಲಾದೇವಿ ನೇರ ಹಾಲಿಗೇ ಬಂದಳು.

ದೇವರ ಮನೆಯ ಬಾಗಿಲು ತೆರೆದಿತ್ತು. ನಟ್ಟನಡುವೆ, ಮಲ್ಲಿಗೆ ಹಾರದೊಳಗೆ, ನಾಲ್ಕು ಕೈಯ ಮಹಾಲಕ್ಷ್ಮಿಯ ಪಟ. ಕಮಲಾದೇವಿ ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು, ಆಮೇಲೆ ಗೊಳ್ಳೆಂದು ನಕ್ಕಳು. ಯಾವುದೋ ಚಿತ್ರದಲ್ಲಿ ಲಕ್ಷ್ಮಿಯಾಗಿದ್ದಾಗ ತೆಗೆದ ಫೋಟೋ ಅದು. ಯಾವನೋ ಕಾಫಿಪುಡಿ ವ್ಯಾಪಾರಿ ಬಣ್ಣ ಹಚ್ಚಿಸಿ ಕ್ಯಾಲೆಂಡರ್ ಮಾಡಿ ಹಂಚಿದ್ದ. ಅಮ್ಮಣ್ಣಿ ಅದಕ್ಕೆ ಕಟ್ಟು ಹಾಕಿಸಿ, ವರ್ಷಗಟ್ಟಲೆ ಮಂಗಳಾರತಿ ಎತ್ತಿದ್ದಾಳೆ. ಮಚ್ಚೆ ಅಲ್ಲಿಯೂ ಇತ್ತು. ಆದರೆ ದೇವರ ಮುಖವನ್ನು ಯಾರು ದಿಟ್ಟಿಸಿ ನೋಡುತ್ತಾರೆ? ಕೈ ಮುಗಿಯುವುದೇ ಕಣ್ಣು ಮುಚ್ಚಿಕೊಂಡು.

"ಅಮ್ಮಣ್ಣಿಯವರೇ, ಅದು ನಾನು ಕಣ್ರೀ."

"ಬಿಡ್ತು ಅನ್ನಿ! ದೇವರ ಮುಂದೆ ನಿಂತ್ಕೊಂಡು ಏನು ಮಾತು ಇದು?"

"ಗಲ್ಲ ನೋಡಿ. ಆಮೇಲೆ ಹಿಂದಿನ ಎರಡು ಕೈ ನೋಡಿ. ಅವು ನನ್ನವಲ್ಲ, ಮೇಕಪ್ಪಿನ ಕೊಟ್ರಪ್ಪನವು. ನನ್ನ ಬೆನ್ನ ಹಿಂದೆ ಕೂತು ತಾವರೆ ಹಿಡ್ಕೊಂಡಿದ್ದ, ಬಾಯಲ್ಲಿ ಬೀಡಿ. ಅವನ ಎಡಗೈ ಕಿರುಬೆರಳು ಸೊಟ್ಟ, ಕಾಣ್ತಾ ಇದೆಯಲ್ಲ? ಇಷ್ಟು ವರ್ಷ ಅವನಿಗೂ ಆರತಿ ಎತ್ತಿದ್ದೀರಿ!"

ಅಮ್ಮಣ್ಣಿ ಬೆರಳು ನೋಡಿದಳು. ಮಚ್ಚೆ ನೋಡಿದಳು. ತಿರುಗಿ ಕಮಲಾದೇವಿಯ ಮುಖ ನೋಡಿದಳು. ಆರತಿ ತಟ್ಟೆ ಕೆಳಗಿಟ್ಟಳು. "ನನ್ನ ಮಗು ಟೈಫಾಯ್ಡಲ್ಲಿ ಮಲಗಿದಾಗ ರಾತ್ರಿಯೆಲ್ಲ ನಿಮ್ಮ ಮುಂದೇನೇ..." ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತು. ಜನ್ಮದಲ್ಲಿ ಯಾರನ್ನೂ ನಂಬದ ಕಮಲಾದೇವಿ ಆ ಒಂದು ಗಳಿಗೆ ನಂಬಿಬಿಟ್ಟಳು. ಇನ್ನು ಮನೆ ಉಳಿಯಿತು ಎಂದುಕೊಂಡಳು.

ಅಷ್ಟರಲ್ಲಿ ಚಕ್ರಪಾಣಿ ಬಂದ. ಹೆಂಡತಿ ತಡವರಿಸುತ್ತ ಹೇಳಿದ್ದನ್ನೆಲ್ಲ ಕೇಳಿದ. ಕನ್ನಡಕ ಸರಿಮಾಡಿಕೊಂಡು ಪಟದ ಹತ್ತಿರ ಬಗ್ಗಿ ನೋಡಿದ. ಅವನ ಮುಖ ಕೊಳೆತ ನಿಂಬೆಹಣ್ಣಿನ ಹಾಗಾಯಿತು.

"ಪಟಾನೂ ಬೇಡ, ಇವರೂ ಬೇಡ. ನಾಳೇನೇ ಆಚೆ ಸಾಗಿಸು. ಪುರೋಹಿತರನ್ನ ಕರೆಸಿ ಮನೆ ಶುದ್ಧಿ ಮಾಡಿಸ್ಬೇಕು."

ಅಮ್ಮಣ್ಣಿ ಕಣ್ಣೊರೆಸಿಕೊಂಡು, ತಲೆ ತಗ್ಗಿಸಿ, ಪಟದ ಮೇಲಿನ ಹಾರ ತೆಗೆಯತೊಡಗಿದಳು. ಥೂ, ಇವಳ ಭಕ್ತಿಗಿಷ್ಟು ಬೆಂಕಿ ಹಾಕ!

ಮಾರನೆಯ ದಿನ ಟ್ರಂಕು, ಹಾಸಿಗೆ ಏರಿಸಿಕೊಂಡು ಜಟಕಾ ಹೊರಟಿತು. ರಸ್ತೆಯ ತಿರುವಿನಲ್ಲಿ ಅಶ್ವತ್ಥಕಟ್ಟೆ. ಮನೆಗೆ ಬೇಡವಾದ ದೇವರ ಪಟಗಳನ್ನು ಜನ ಅಲ್ಲಿ ತಂದಿಟ್ಟು ಹೋಗುತ್ತಾರೆ. ಕಸದ ಬುಟ್ಟಿಗೆ ಹಾಕಲು ಭಯ, ಮನೆಯಲ್ಲಿಟ್ಟುಕೊಳ್ಳಲು ಮೈಲಿಗೆ. ಒಡೆದ ಗಣಪತಿ, ಗೆದ್ದಲು ತಿಂದ ವೆಂಕಟರಮಣನ ನಡುವೆ ಮಹಾಲಕ್ಷ್ಮಿ ಮರಕ್ಕೆ ಒರಗಿದ್ದಳು. ಕಮಲಾದೇವಿ ಗಾಡಿ ನಿಲ್ಲಿಸಿ ಇಳಿದಳು. ಒಯ್ದು ಹೊಸಕೆರೆಹಳ್ಳಿ ಕೆರೆಗೆ ಎಸೆದುಬಿಡೋಣ ಎನ್ನಿಸಿತು. ಕೈ ಚಾಚುವಷ್ಟರಲ್ಲಿ ಪಟದ ಹಣೆಗೆ ಯಾರೋ ಆಗಲೇ ಹಸಿ ಕುಂಕುಮ ಇಟ್ಟಿರುವುದು ಕಂಡಿತು.

ಹಿಂದಿನಿಂದ ಸೊಪ್ಪು ಮಾರುವ ಹೆಂಗಸೊಬ್ಬಳ ದನಿ ಬಂತು. ಬುಟ್ಟಿ ಕೆಳಗಿಳಿಸಿ, ಕೈಯಲ್ಲಿ ಒಂದು ಕಣಗಿಲೆ ಹಿಡಿದು ನಿಂತಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ದಿನ ತುಂಬಿದ ಬಸುರಿ.

"ಅಕ್ಕಾ, ವಸಿ ಅತ್ಲಾಗ್ ಸರ್ಕೊಳ್ಳಿ. ಅಮ್ಮನಿಗೆ ಅಡ್ಡ ನಿಂತಿದ್ದೀರಾ."

ಅದು ನಾನು ಎನ್ನಲು ಕಮಲಾದೇವಿ ಬಾಯಿ ತೆರೆದಳು. ಆದರೆ ಕಣ್ಣು ಮುಚ್ಚಿ ನಿಂತ ಆ ಬಸುರಿಯನ್ನು ನೋಡಿ, ಮಚ್ಚೆ ಕಾಣದ ಹಾಗೆ ಸೆರಗನ್ನು ಗಲ್ಲದವರೆಗೆ ಎಳೆದುಕೊಂಡು, ಪಕ್ಕಕ್ಕೆ ಸರಿದಳು.